ವಿಂಡೋಸ್ ಪಿಂಗ್‌ಗೆ ಉತ್ತರ ಕೊಡದಿದ್ದಾಗ

ಒಂದೇ ವೈಫೈನಲ್ಲಿರುವ ವಿಂಡೋಸ್ 10 ಪಿಸಿಗೆ ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಆದೇಶ) ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬರುತ್ತಿತ್ತು. ಅದೇ ಪಿಸಿಯಿಂದ ಹೊರಗೆ ಪಿಂಗ್ ಹೋಗುತ್ತಿದ್ದುದರಿಂದ ಅನುಮಾನ ಒಳಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಮೇಲೆಯೇ. (‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಬಂದರೆ ಮೊದಲು ಕೇಬಲ್, ಐಪಿ ವಿಳಾಸ ನೋಡಿ.)

ಫೈರ್‌ವಾಲ್‌ನಲ್ಲಿ ಪೋರ್ಟ್ (ಆ್ಯಪ್‌ಗಳ ಸಂಪರ್ಕಕ್ಕಿರುವ ಸಂಖ್ಯೆಯ ಬಾಗಿಲು) ತೆರೆಯಲು ಹೋಗಬೇಡಿ. ಪಿಂಗ್ ಬಳಸುವ ಐಸಿಎಂಪಿ ಎಂಬ ಪ್ರೋಟೋಕಾಲ್‌ಗೆ ಪೋರ್ಟೇ ಇಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯೂರಿಟಿ’ ಹುಡುಕಿ ತೆರೆದು, ಇನ್‌ಬೌಂಡ್ ರೂಲ್ಸ್‌ನಲ್ಲಿ (ಒಳಬರುವ ಸಂಪರ್ಕಗಳ ನಿಯಮಗಳು) ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್, ಎಕೋ ರಿಕ್ವೆಸ್ಟ್, ಐಸಿಎಂಪಿವಿ4-ಇನ್’ ಮೇಲೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಇದೇ ಹೆಸರಿನ ಸಾಲು ಒಂದಕ್ಕಿಂತ ಹೆಚ್ಚಿರುತ್ತದೆ. ಪ್ರೊಫೈಲ್ ಕಾಲಂನಲ್ಲಿ ‘ಪ್ರೈವೇಟ್’ ಇರುವುದನ್ನೇ ಆರಿಸಿ. ಮನೆಯ ವೈಫೈ ‘ಪಬ್ಲಿಕ್’ ಆಗಿ ಕೂತಿದ್ದರೆ ಅದನ್ನೂ ‘ಪ್ರೈವೇಟ್’ಗೆ ಬದಲಿಸಿ.

ವಿಪಿಎನ್ (ದೂರದಿಂದ ಜಾಲಕ್ಕೆ ಸೇರಿಸುವ ಸಂಪರ್ಕ) ಮೂಲಕ ಪಿಂಗ್ ಮಾಡಿದರೆ ಇನ್ನೂ ಉತ್ತರ ಇಲ್ಲವೇ? ಆ ರೂಲ್‌ನ ಸ್ಕೋಪ್ ಟ್ಯಾಬ್‌ನಲ್ಲಿ ರಿಮೋಟ್ ವಿಳಾಸ ‘ಲೋಕಲ್ ಸಬ್‌ನೆಟ್’ಗಷ್ಟೇ, ಅಂದರೆ ಅದೇ ಸ್ಥಳೀಯ ಜಾಲದ ವಿಳಾಸಗಳಿಗಷ್ಟೇ, ಸೀಮಿತವಾಗಿರುತ್ತದೆ. ಬೇಕಾದ ಐಪಿ ವ್ಯಾಪ್ತಿಯನ್ನು ಅಲ್ಲೇ ಸೇರಿಸಿ.