ಕೆರೆ ಉಳಿಸೋಕೆ ನಾವು ಮೊದಲು ಹಿಡಿದದ್ದು ಕಾಲುವೆ

ನಮ್ಮೂರು ಇರೋದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಅರ್ಕಾವತಿ ನದಿ ಸೀಮೆಯಲ್ಲಿ. ನಂದಿಬೆಟ್ಟದ ಈ ಕಡೆ ಬಿದ್ದ ಮಳೆ ಒಂದು ಕೆರೆ ತುಂಬಿಸಿ, ಕೋಡಿ ಹರಿದು, ಮುಂದಿನ ಕೆರೆಗೆ ಹೋಗಿ, ಕೊನೆಗೆ ಹೆಸರಘಟ್ಟ ಕೆರೆ ಸೇರಬೇಕು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಜಮೀನಿನ ಬೆಲೆ ಏರುತ್ತಲೇ ಹೋಯಿತು. ರಾಗಿ ಹೊಲ, ನೀಲಗಿರಿ ತೋಪು ಎಲ್ಲ ಲೇಔಟ್ ಆದವು. ಕೆರೆಗೆ ಬರುವ ನೀರೂ ಕಡಿಮೆಯಾಯಿತು.

ಹೂಳು ತೆಗೆಸೋಣ ಅಂತ ಊರೆಲ್ಲ ಹೇಳಿತು. ನಾವು ಕೆಲವರು ಒಪ್ಪಲಿಲ್ಲ. ನೀರು ಬರುವ ದಾರಿಯೇ ಮುಚ್ಚಿದ್ದರೆ ಎಷ್ಟು ಆಳ ತೋಡಿ ಏನು ಬಂತು? ಕೆರೆ ಮೇಲೆ ಎಲ್ಲರ ಕಣ್ಣಿರುತ್ತದೆ. ಕಾಲುವೆ ಹಾಗಲ್ಲ. ವರ್ಷದಲ್ಲಿ ಜಾಸ್ತಿ ದಿನ ಒಣಗಿರುತ್ತದೆ, ಲಂಟಾನ ಬೆಳೆದಿರುತ್ತದೆ. ಒಂದೆರಡು ಲೋಡ್ ಮಣ್ಣು ಸುರಿದರೆ ಅಲ್ಲಿ ಕಾಲುವೆ ಇತ್ತು ಅನ್ನೋದೇ ಮರೆತುಹೋಗುತ್ತದೆ.

ಹಾಗಾಗಿ ದಾಖಲೆಯಿಂದ ಶುರು ಮಾಡಿದೆವು. ಗ್ರಾಮ ನಕ್ಷೆ ಹಿಡಿದು, ಫೋನಿನಲ್ಲಿ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ಹಾಕಿಕೊಂಡು, ಕಾಲುವೆ ಗುಂಟ ನಡೆದೆವು. ನಿಂತ ಜಾಗದ ಸರ್ವೆ ನಂಬರ್ ಆ್ಯಪಿನಲ್ಲೇ ಸಿಗುತ್ತದೆ. ಆ ನಂಬರುಗಳ ಪಹಣಿ, ಆಕಾರಬಂದ್ (ಜಮೀನಿನ ವಿಸ್ತೀರ್ಣದ ಸರ್ವೆ ದಾಖಲೆ) ತೆಗೆಸಿ ಬಿ ಖರಾಬು ಎಷ್ಟಿದೆ ಅಂತ ಪಟ್ಟಿ ಮಾಡಿದೆವು. ಹಳ್ಳ, ಕಾಲುವೆ, ದಾರಿ ಬರೋದು ಬಿ ಖರಾಬಿನಲ್ಲಿ. ರೈತನ ಸರ್ವೆ ನಂಬರಿನೊಳಗೇ ಇದ್ದರೂ ಅದು ಸಾರ್ವಜನಿಕರ ಜಾಗ, ಮಾರೋ ಹಾಗಿಲ್ಲ. ನಮ್ಮೂರಿನ ಎಷ್ಟೋ ರೈತರಿಗೇ ಇದು ಗೊತ್ತಿರಲಿಲ್ಲ. ಆ್ಯಪ್ ತೋರಿಸುವ ಗಡಿ ನಂಬಿ ಮಾತ್ರ ಜಗಳಕ್ಕೆ ಹೋಗಬೇಡಿ, ಅದು ಆಚೀಚೆ ಆಗುತ್ತದೆ. ಅಳತೆ ಸರ್ವೆಯರೇ ಮಾಡಬೇಕು.

ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು. ಸರ್ವೆ ದಿನ ಹಿಂದೆ ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದ ನಮ್ಮೂರ ಹಳೆಯ ನೀರುಗಂಟಿ ತಾತ ಕೋಲೂರಿಕೊಂಡು ಬಂದಿದ್ದರು. ಒಂದು ಕಡೆ ಲೇಔಟಿನವರು ಕಾಲುವೆಗೆ ಕಟ್ಟಡದ ಕಲ್ಲು ಮಣ್ಣು ತುಂಬಿ ರಸ್ತೆ ಎಳೆದಿದ್ದರು. ಇಲ್ಲಿ ಕಾಲುವೆ ಇರಲೇ ಇಲ್ಲ ಅನ್ನೋದು ಅವರ ವಾದ. ತಾತ ಪೊದೆ ಹತ್ತಿರ ಹೋಗಿ, ಕೋಲಿನಿಂದ ಲಂಟಾನ ಸರಿಸಿ, "ಇಲ್ಲಿ ಅಗೀರಪ್ಪ" ಅಂದರು. ಹಾರೆ ಹಾಕಿದರೆ ಒಂದಡಿ ಕೆಳಗೆ ಬಾಂದು ಕಲ್ಲು, ಅಂದರೆ ಸರ್ವೆಯ ಗಡಿ ಕಲ್ಲು! ಮೈಯೆಲ್ಲ ಕೆಮ್ಮಣ್ಣು ಮೆತ್ತಿತ್ತು, ಕಲ್ಲು ಮಾತ್ರ ಅಲುಗಿರಲಿಲ್ಲ. ಸರ್ವೆಯರ್ ಅಲ್ಲಿಂದ ಚೈನ್ ಹಿಡಿದು ಹಳೆಯ ಸರ್ವೆ ಟಿಪ್ಪಣಿಯ ಅಳತೆ ಜೊತೆ ತಾಳೆ ನೋಡಿದರು. ಸರಿಹೋಯಿತು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಭೂಕಂದಾಯ ಕಾಯ್ದೆಯ 192ಎ ಕಲಂ ಪ್ರಕಾರ ಸರ್ಕಾರಿ ಜಾಗದ ಒತ್ತುವರಿ ಅಪರಾಧ. ಅರ್ಜಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದು ಲೇಔಟಿನ ವಿಷಯದಲ್ಲಿ ಕೆಲಸಕ್ಕೆ ಬಂತು. ಆದರೆ ಅಂಚಿನಲ್ಲಿ ನಾಲ್ಕು ಸಾಲು ರಾಗಿ ಹಾಕಿಕೊಂಡ ರೈತರನ್ನು ಅದೇ ತಕ್ಕಡಿಯಲ್ಲಿ ತೂಗೋದು ಸರಿಯಲ್ಲ. ಅವರ ಕೊಯ್ಲು ಮುಗಿಯುವವರೆಗೂ ಕಾದೆವು. ಕಾಲುವೆ ಬಿಡಿಸೋಕೆ ಕೊನೆಗೆ ಅವರೇ ನಮ್ಮ ಜೊತೆ ನಿಂತರು. ನರೇಗಾದಲ್ಲಿ ಗಡಿಗುಂಟ ಟ್ರೆಂಚ್ ಹೊಡೆಸಿ, ಹೊಂಗೆ, ನೇರಳೆ, ಅತ್ತಿ ನೆಟ್ಟೆವು.

ಹೂಳು ತೆಗೆದದ್ದು ಇದೆಲ್ಲ ಆದ ಮೇಲೆ. ಗೋಡು ಮಣ್ಣನ್ನು ರೈತರೇ ಹೊಲಕ್ಕೆ ಹೊಡೆದುಕೊಂಡರು. ನೀರು ಬರುವ ಕಡೆಯ ಜೊಂಡು, ಆಳವಿಲ್ಲದ ಕೆಸರು ಜಾಗ ಮುಟ್ಟಲು ಬಿಡಲಿಲ್ಲ. ಹಕ್ಕಿಗಳಿಗೆ ಬೇಕಾದ್ದು ಅದೇ, ನೀರು ಸೋಸೋದೂ ಅದೇ. ಕೆರೆ ಸುತ್ತ ಏರಿ ಎತ್ತರಿಸಿ ವಾಕಿಂಗ್ ಪಾತ್ ಮಾಡುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

2024ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಹುಲ್ಲುಗಾವಲು, ಕೆರೆ ಸೇರಿ ಐದು ಸಾವಿರಕ್ಕೂ ಜಾಸ್ತಿ ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ತುಂಬಾ ಖುಷಿಯಾಯಿತು. ಆದರೆ ಆ ಕೆರೆಗೆ ನೀರು ಹೋಗಬೇಕಾದ್ದು ನಮ್ಮಂಥ ಊರುಗಳ ಮೇಲೆಯೇ ಅಲ್ವಾ? ಹೊಸ ಮನೆಗಳ ಕೊಳಚೆ ಕಾಲುವೆಗೆ ಬಿಡದಂತೆ ಈಗ ಪಂಚಾಯ್ತಿ ಹಿಂದೆ ಬಿದ್ದಿದ್ದೇವೆ. ಗೋಮಾಳ, ಗುಂಡುತೋಪಿನ ಹದ್ದುಬಸ್ತಿಗೂ (ಗಡಿ ಅಳೆದು ಗುರುತಿಸೋಕೆ) ಅರ್ಜಿ ಹೋಗಿದೆ. ತಾತನನ್ನೂ ಕೇಳಿಟ್ಟಿದ್ದೇವೆ. ಅಲ್ಲಿನ ಕಲ್ಲುಗಳೂ ಅವರಿಗೆ ನೆನಪಿವೆಯಂತೆ.