ಶ್ರುತಿಯ ವಹಿ: ಅಧೀನನಾಗಿರಲು ನಾನು ಕಲಿತ ಬಗೆ

ಧಾರವಾಡ ಸೀಮೆಯ ಒಂದು ಚಿಕ್ಕ ಕ್ರೈಸ್ತ ಸಭೆಯಲ್ಲಿ ನಾನು 22 ವರ್ಷ ಗಾನವೃಂದವನ್ನು ನಡೆಸಿದವನು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದ ಮೇಲೆ ಈ ಭಾಗದಲ್ಲಿ ಬೇರೂರಿದ ಜರ್ಮನ್ ಧಾಟಿಯ ಹಾಡುಗಳಿಗೂ ನಮ್ಮ ದೇಶೀ ರಾಗದ ಕೀರ್ತನೆಗಳಿಗೂ ಯಾವ ಶ್ರುತಿ ಹೊಂದುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಚರಣ ಬಿಟ್ಟರೂ ನಡೆಯುತ್ತದೆ ಎಂಬುದನ್ನೆಲ್ಲ ಒಂದು ಉದ್ದನೆಯ ವಹಿಯಲ್ಲಿ ಬರೆದಿಟ್ಟಿದ್ದೆ. ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಯಾವ ಮನೆಯಿಂದ ಶ್ರುತಿ ಹಿಡಿಯಬೇಕೆಂಬುದನ್ನು ತಿಳಿಸುವ ಹಾರ್ಮೋನಿಯಂ ಗುರುತುಗಳಿಂದ ತುಂಬಿದ ಆ ವಹಿ ದೇವಾಲಯದ ಕಪಾಟಿನಲ್ಲಿಯೇ ಇರುತ್ತಿತ್ತು.

ಬಿಷಪ್ಪರ ವರ್ಗಾವಣೆಯ ಆದೇಶದಂತೆ ಬಂದ ಹೊಸ ಸಭಾಪಾಲಕರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಅವರು ಬಂದ ಮೂರನೆಯ ತಿಂಗಳಲ್ಲಿ, ಆರಾಧನೆ ಮುಗಿದ ಮೇಲೆ ನನ್ನನ್ನು ಒಳಗೆ ಕರೆದು, “ಮಾಸ್ತರ, ಮುಂದಿನ ಐತವಾರದಿಂದ ಹಾಡಿನ ಮೇಳಾ ಆ ಹುಡುಗಿ ನಡಸಲಿ. ನೀವು ಒಂದು ವರ್ಷ ಬಾಕಿನ ಮ್ಯಾಲ ಕೂತು ಹಾಡ್ರಿ” ಎಂದರು. “ಆಗಲ್ರಿ, ಅಯ್ಯನವರ” ಎಂದೆ. ಅಲ್ಲಿಗೆ ವಿಧೇಯತೆಯ ಲೆಕ್ಕ ತೀರಿತೆಂದುಕೊಂಡೆ. ಹೊರಡುವಾಗ ಮಾತ್ರ ಕಪಾಟಿನಿಂದ ವಹಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ವಹಿ ನನ್ನದು, ಅಕ್ಷರ ನನ್ನದು, ಕೇಳುವವರು ಯಾರು?

ಮುಂದಿನ ಐತವಾರ ಆ ಹುಡುಗಿ ಮೊದಲ ಹಾಡನ್ನೇ ತೀರ ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡಳು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಸಭೆಯ ದನಿ ಕುಸಿದು, ಹೆಂಗಸರಲ್ಲಿ ನಾಲ್ಕೈದು ಜನ ಮಾತ್ರ ಹಾಡುತ್ತಿದ್ದರು. ಬಾಕಿನ (ಬೆಂಚಿನ) ಮೇಲೆ ಕುಳಿತ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಆಗ ಬೈಬಲಿನ ಸಮುವೇಲನ ಮೊದಲನೆಯ ಪುಸ್ತಕವನ್ನು ಅನುಕ್ರಮವಾಗಿ ಓದುತ್ತಿದ್ದೆವು. ಅದೇ ವಾರ 24ನೆಯ ಅಧ್ಯಾಯ ಬಂತು. ದಾವೀದನನ್ನು ಕೊಲ್ಲಲು ಮೂರು ಸಾವಿರ ಜನರೊಂದಿಗೆ ಹುಡುಕಿಕೊಂಡು ಬಂದ ಅರಸ ಸೌಲನು ಏಂಗೆದಿಯ ಗವಿಯಲ್ಲಿ ಕೈಗೆ ಸಿಕ್ಕಾಗ, ದಾವೀದನು ಅವನನ್ನು ಕೊಲ್ಲಲಿಲ್ಲ. ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿದನು, ಆಮೇಲೆ ಅದಕ್ಕೂ ಅವನ ಮನಸ್ಸು ಅವನನ್ನು ಹಂಗಿಸಿತು. ಈ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದೆ, ಭಾನುವಾರ ಶಾಲೆಯ ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೆ ಬಟ್ಟೆಯ ಒಂದು ತುಂಡಿಗಾಗಿ ಇಷ್ಟು ನೊಂದುಕೊಳ್ಳುವುದೇಕೆ ಎಂಬುದು, ನನ್ನ ಮನೆಯ ಮೇಜಿನ ಮೇಲೆ ಆ ವಹಿ ಬಿದ್ದಿದ್ದ ರಾತ್ರಿ ಅರ್ಥವಾದಷ್ಟು ಹಿಂದೆಂದೂ ಆಗಿರಲಿಲ್ಲ. ಸೌಲನು ಒಳ್ಳೆಯ ಅರಸನೆಂದು ದಾವೀದನು ಹೇಳಲಿಲ್ಲ. ಅವನು ಯೆಹೋವನ ಅಭಿಷಿಕ್ತನು, ಅಂದರೆ ದೇವರೇ ಅರಸನಾಗಿ ನೇಮಿಸಿದವನು, ಎಂದನು. ಅದನ್ನು ಹೇಳಿದವನು ತಾನೂ ಪ್ರವಾದಿ ಸಮುವೇಲನ ಕೈಯಿಂದ ಅಭಿಷೇಕ ಹೊಂದಿದವನೇ.

ಆದರೂ ವಹಿಯನ್ನು ಹಿಂದಿರುಗಿಸಲು ನನಗೆ ಮತ್ತೆ ನಾಲ್ಕು ದಿನ ಹಿಡಿಯಿತು. ಶನಿವಾರ ಆ ಹುಡುಗಿಯ ಮನೆಗೇ ಹೋಗಿ ಕೊಟ್ಟು, ಮರುದಿನದ ಹಾಡುಗಳ ಶ್ರುತಿಯನ್ನು ತೋರಿಸಿ ಬಂದೆ.

ಕೊಟ್ಟ ಮೇಲೆಯೇ ನಿಜವಾದ ಅಭ್ಯಾಸ ಶುರುವಾಯಿತು. ಪಳಗಿದ ಹಾಡುಗಾರನು ಬಾಕಿನ ಮೇಲೆ ಕುಳಿತೇ ಇಡೀ ಸಭೆಯ ಲಯವನ್ನು ತನ್ನ ಕಡೆಗೆ ಎಳೆದುಕೊಳ್ಳಬಲ್ಲ. ಸ್ವಲ್ಪ ಗಟ್ಟಿಯಾಗಿ, ಅರ್ಧ ಮಾತ್ರೆ ಮುಂದಾಗಿ ಹಾಡಿದರೆ ಸಾಕು, ಹಾರ್ಮೋನಿಯಂ ಅವನ ಹಿಂದೆ ಓಡಿಬರುತ್ತದೆ. ಅವಳ ಲಯ ನನಗೆ ನಿಧಾನವೆನಿಸಿದಾಗಲೆಲ್ಲ ದನಿ ತಗ್ಗಿಸಿ, ಅವಳ ಕೈ ನೋಡಿಕೊಂಡು ಹಾಡಿದೆ. ದೀನತೆಯ ಬಗ್ಗೆ ನಾನು ಕೇಳಿದ ಯಾವ ಪ್ರಸಂಗಕ್ಕಿಂತಲೂ ಇದು ಕಠಿಣವಾಗಿತ್ತು.

ನಾಲಿಗೆಯನ್ನು ಕಟ್ಟುವುದು ಅದಕ್ಕಿಂತಲೂ ಕಷ್ಟ. “ನಿಮಗ ಅನ್ಯಾಯ ಆತ್ರಿ ಮಾಸ್ತರ” ಎನ್ನುವವರು ಪ್ರತಿ ವಾರ ಸಿಗುತ್ತಿದ್ದರು; ಒಬ್ಬ ಹಿರಿಯರು ಬಿಷಪ್ಪರಿಗೆ ಅರ್ಜಿ ಬರೆದು ಸಹಿ ಕೂಡಿಸಲೂ ತೊಡಗಿದ್ದರು. ಬೈಬಲಿನ ಅರಣ್ಯಕಾಂಡದ 16ನೆಯ ಅಧ್ಯಾಯದಲ್ಲಿ 250 ಮುಖಂಡರೊಂದಿಗೆ ಇಸ್ರಾಯೇಲರ ನಾಯಕ ಮೋಶೆಯ ವಿರುದ್ಧ ದಂಗೆ ಎದ್ದ ಕೋರಹನ ಮಾತು, ಅಂದರೆ ಸಮೂಹದವರೆಲ್ಲರೂ ಪರಿಶುದ್ಧರೇ ಎಂಬುದು, ಕೇಳಲು ಎಷ್ಟು ನ್ಯಾಯವಾಗಿದೆಯೋ ಆ ಅರ್ಜಿಯೂ ಅಷ್ಟೇ ನ್ಯಾಯವಾಗಿತ್ತು. ನಾನು ಸಹಿ ಮಾಡಲಿಲ್ಲ. ಮನೆಯಲ್ಲಿ ಐತವಾರದ ಊಟಕ್ಕೆ ಕೂತಾಗ ಅಯ್ಯನವರ ಮಾತೆತ್ತಬಾರದೆಂದು ಹೆಂಡತಿಗೆ ಹೇಳಿದೆ. ಮೊದಲ ವಾರವೇ ಅದನ್ನು ಮುರಿದವನು ನಾನು.

ಅಧೀನತೆಯೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೆಂದು ತಿಳಿಯಬಾರದು. ಸುಗ್ಗಿ ಹಬ್ಬದ ಹರಾಜಿನ ಹಣವನ್ನು ಸಭಾಪಾಲಕರ ಮನೆಯ ದುರಸ್ತಿಗೆ ತೆಗೆಯಲು ಅವರು ನನ್ನ ಸಹಿ ಕೇಳಿದಾಗ, ಬಾಗಿಲು ಹಾಕಿಕೊಂಡು, “ಕಮಿಟಿಯ ಠರಾವು ಇಲ್ಲದ ನಾ ಸಹಿ ಮಾಡೂದಿಲ್ರಿ, ಅಯ್ಯನವರ” ಎಂದೆ. ಮನುಷ್ಯರಿಗಿಂತಲೂ ದೇವರಿಗೆ ವಿಧೇಯರಾಗಬೇಕೆಂದು ಯೇಸುವಿನ ಶಿಷ್ಯ ಪೇತ್ರನು ಹೇಳಿದ್ದು ಅಧಿಕಾರಿಗಳ ಎದುರಿಗೇ ನಿಂತು, ಬೆನ್ನ ಹಿಂದೆ ಅಲ್ಲ. ದಾವೀದನೂ ಸೌಲನು ಈಟಿ ಎಸೆದಾಗ ತಪ್ಪಿಸಿಕೊಂಡನೇ ಹೊರತು ಎದೆಯೊಡ್ಡಿ ನಿಲ್ಲಲಿಲ್ಲ. ದೇವರು ನೇಮಿಸಿದ ಅಧಿಕಾರದ ಹೆಸರಿನಲ್ಲಿ ಪೆಟ್ಟು ತಿನ್ನುತ್ತ ಕೂತಿರಿ ಎನ್ನುವ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಅಯ್ಯನವರು ಎರಡು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಆಮೇಲೆ ವಿಷಯವನ್ನು ಕಮಿಟಿಯ ಮುಂದಿಟ್ಟರು, ಠರಾವು ಆಯಿತು, ನಾನು ಸಹಿ ಮಾಡಿದೆ.

ಹೇಳಿದ್ದ ಒಂದು ವರ್ಷ ಮುಗಿದು ಎರಡನೆಯದು ನಡೆಯುತ್ತಿದೆ. ಮೇಳವನ್ನು ಆ ಹುಡುಗಿಯೇ ನಡೆಸುತ್ತಿದ್ದಾಳೆ. ನಾನೂ ಕೇಳಿಲ್ಲ, ಅವರೂ ಹೇಳಿಲ್ಲ. ಕಳೆದ ತಿಂಗಳು ಕಪಾಟಿನ ಬಳಿ ನಿಂತು ವಹಿ ತೆರೆದಾಗ, ನನಗೆ ಬಹಳ ಪ್ರೀತಿಯ ಒಂದು ಹಾಡಿನ ಪಕ್ಕದಲ್ಲಿ ‘ಕಪ್ಪು ಎರಡು’ ಎಂಬುದನ್ನು ಹೊಡೆದುಹಾಕಿ, ನೀಲಿ ಶಾಯಿಯಲ್ಲಿ ‘ಬಿಳಿ ಒಂದು’ ಎಂದು ಬರೆದಿತ್ತು. ವಯಸ್ಸಾದವರಿಗೆ ದನಿ ಏರುವುದಿಲ್ಲವೆಂದು ಇಳಿಸಿದ್ದಾಳಂತೆ. ಈಗ ಮನೆಯಲ್ಲಿ ಒಬ್ಬನೇ ಇದ್ದಾಗ ಆ ಹಾಡನ್ನು ಕಪ್ಪು ಎರಡರಲ್ಲಿ ಹಾಡಿಕೊಳ್ಳುತ್ತೇನೆ, ಐತವಾರ ಬಿಳಿ ಒಂದರಲ್ಲಿ.