ಬ್ರ್ಯಾಕೆಟ್ ಖರ್ಚು: ಎಲ್ಲಿ ಇಳಿಸಬೇಕು, ಎಲ್ಲಿ ಕೈ ಹಚ್ಚಬಾರದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರಲಿ, ತಾರಿಹಾಳದಲ್ಲಿರಲಿ, ಬ್ರ್ಯಾಕೆಟ್‌ನಂಥ (ಬೇರೆ ಭಾಗವನ್ನು ಹಿಡಿದಿಡುವ, ಬಗ್ಗಿಸಿದ ಲೋಹದ ತುಂಡು) ವಾಹನದ ಭಾಗಗಳನ್ನು ಶೀಟು ಒತ್ತಿ ಮಾಡುವ ಪ್ರೆಸ್ ಶಾಪ್‌ಗೆ ಆರ್ಡರ್‌ನ ಬೆನ್ನಿಗೇ ‘ರೇಟು ಇಳಿಸಿ’ ಎಂಬ ಮಾತೂ ಬರುತ್ತದೆ. ಇಳಿಸಲು ಜಾಗ ಖಂಡಿತ ಇದೆ. ಮೊದಲು ಡ್ರಾಯಿಂಗ್ ಮುಂದಿಟ್ಟುಕೊಂಡು ಕೇಳಿಕೊಳ್ಳಿ: ಗಾಡಿ ಓಡುವಾಗ ಇದು ಮುರಿದರೆ ಏನಾಗುತ್ತದೆ? ನಂಬರ್ ಪ್ಲೇಟಿನ ಬ್ರ್ಯಾಕೆಟ್ ಆದರೆ ಗಿರಾಕಿ ಬೈಯುತ್ತಾನೆ. ಬ್ರೇಕ್ ಪೈಪ್, ಸೀಟ್ ಬೆಲ್ಟಿನದಾದರೆ ಜೀವಕ್ಕೇ ಕುತ್ತು. ವೈರಿಂಗ್ ಬ್ರ್ಯಾಕೆಟ್ಟನ್ನು ಹಗುರವಾಗಿ ನೋಡುವವರೇ ಹೆಚ್ಚು. ಸಡಿಲವಾದ ವೈರು ಲೋಹಕ್ಕೆ ಉಜ್ಜಿ ಶಾರ್ಟ್ ಆದರೆ ಬೆಂಕಿ. ಎಫ್‌ಎಂಇಎ ಹಾಳೆಯಲ್ಲಿ (ಭಾಗ ಹೇಗೆ ಕೆಡಬಹುದು, ಕೆಟ್ಟರೆ ಏನಾಗುತ್ತದೆ ಎಂದು ಅಂಕ ಕೊಡುವ ಪಟ್ಟಿ) ತೀವ್ರತೆ 9 ಅಥವಾ 10 ಎಂದಿರುವ ಭಾಗಗಳನ್ನು ಬೇರೆ ಫೈಲಿಗೆ ಹಾಕಿ.

ಎಲ್ಲರ ಕಣ್ಣು ಮೊದಲು ಬೀಳುವುದು ಶೀಟಿನ ಸ್ಕ್ರ್ಯಾಪ್ ಮೇಲೆ. 2500 × 1250 ಮಿ.ಮೀ. ಶೀಟು, 200 × 130 ಬ್ಲ್ಯಾಂಕ್ (ಬಗ್ಗಿಸುವ ಮೊದಲಿನ ಸಪಾಟು ತುಂಡು) ಎನ್ನಿ. ಉದ್ದಕ್ಕೆ 130ರ ಪಟ್ಟಿ ಕತ್ತರಿಸಿದರೆ 9 ಪಟ್ಟಿ, ಪಟ್ಟಿಗೆ 12, ಒಟ್ಟು 108. ಅಡ್ಡ ಕತ್ತರಿಸಿದರೆ 19 ಪಟ್ಟಿ, ಪಟ್ಟಿಗೆ 6, ಒಟ್ಟು 114. ಶೀಟಿಗೆ 6 ಪೀಸು ಪುಕ್ಕಟೆ! ಆದರೆ ಶೀಟು ರೋಲಿಂಗ್ ಆಗಿರುವುದು (ಕಾರ್ಖಾನೆಯಲ್ಲಿ ರೋಲರುಗಳ ನಡುವೆ ಒತ್ತಿ ಎಳೆದಿರುವುದು) ಸಾಮಾನ್ಯವಾಗಿ ಉದ್ದಕ್ಕೆ. ಬೆಂಡ್ 130ರ ಅಂಚಿಗೆ ಸಮಾನಾಂತರವಾಗಿದ್ದರೆ, ಅಡ್ಡ ಕತ್ತರಿಸಿದ ಪೀಸಿನಲ್ಲಿ ಅದು ರೋಲಿಂಗ್ ದಿಕ್ಕಿನಲ್ಲೇ ಬೀಳುತ್ತದೆ. ಹೊರಮೈ ಹಿಗ್ಗಿದಾಗ ಕೂದಲೆಳೆ ಬಿರುಕು ಬಿಡುವುದು ಇಲ್ಲೇ. ಗಾಡಿಯ ಕಂಪನಕ್ಕೆ ಅದು ಬೆಳೆಯುತ್ತ ಹೋಗುತ್ತದೆ. ನಂಬರ್ ಪ್ಲೇಟಿನ ಬ್ರ್ಯಾಕೆಟ್ಟಿಗೆ, ಗ್ರಾಹಕ ಕಂಪನಿ ಒಪ್ಪಿದರೆ, ಅಡ್ಡ ಕತ್ತರಿಸಿ. ಬೇರೆ ಫೈಲಿಗೆ ಹಾಕಿದ ಆ 9-10 ತೀವ್ರತೆಯ ಭಾಗಗಳಿಗೆ ಬೇಡ. ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು (ಬರ್) ಬೆಂಡಿನ ಒಳಮೈಗೆ ಬರುವಂತೆ ಇಡಿ, ಪ್ರತಿ ಲಾಟಿನ ಮೊದಲ ಪೀಸುಗಳ ಹೊರಮೈಗೆ ಬಿರುಕು ತೋರಿಸುವ ಬಣ್ಣದ ದ್ರವ (ಡೈ ಪೆನಿಟ್ರಂಟ್) ಹಚ್ಚಿ ನೋಡಿ. ಸ್ಕ್ರ್ಯಾಪ್ ಉಳಿಸಲೇಬೇಕಿದ್ದರೆ ಬೇಕಾದ ಅಗಲಕ್ಕೇ ಸ್ಲಿಟ್ ಮಾಡಿದ ಕಾಯಿಲ್ (ಉದ್ದಕ್ಕೆ ಸೀಳಿದ ಶೀಟಿನ ಸುರುಳಿ) ತರಿಸುವುದು ಮೇಲು.

ನಿಜವಾದ ದುಡ್ಡು ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಬದಲಿಸುವ ಹೊತ್ತಿನಲ್ಲಿದೆ. ಹಳೆ ಡೈನ ಕೊನೆಯ ಸರಿ ಪೀಸಿನಿಂದ ಹೊಸ ಡೈನ ಮೊದಲ ಸರಿ ಪೀಸಿನವರೆಗೆ ಗಡಿಯಾರ ನೋಡಿ. ಡೈ, ಕ್ಲ್ಯಾಂಪು, ಬೋಲ್ಟು, ಸ್ಪ್ಯಾನರ್ ಎಲ್ಲ ಪ್ರೆಸ್ ನಿಲ್ಲಿಸುವ ಮೊದಲೇ ಪಕ್ಕದಲ್ಲಿರಲಿ. ಎಲ್ಲ ಡೈಗಳ ಎತ್ತರ ಒಂದೇ ಆಗುವಂತೆ ಕೆಳಗೆ ಪ್ಲೇಟು ಕೊಟ್ಟರೆ ರ್‍ಯಾಮ್ (ಪ್ರೆಸ್ಸಿನಲ್ಲಿ ಮೇಲಿಂದ ಒತ್ತುವ ಭಾಗ) ಹೊಂದಿಸುವ ಕೆಲಸವೂ ತಪ್ಪುತ್ತದೆ. ಇದರಿಂದ ಭಾಗದ ಬಲ ಕೂದಲಷ್ಟೂ ಕುಗ್ಗುವುದಿಲ್ಲ.

ತುಕ್ಕು ತಡೆಯಲು ಲೋಹದ ಲೇಪ ಕೊಡುವ ಪ್ಲೇಟಿಂಗ್‌ನಲ್ಲಿ ಚೌಕಾಸಿ ಮಾಡುವಾಗ ಹುಷಾರು. ಗಟ್ಟಿ ಉಕ್ಕಿನ ಸ್ಪ್ರಿಂಗ್ ಕ್ಲಿಪ್, 12.9 ದರ್ಜೆಯ (ಅತಿ ಬಲದ) ಬೋಲ್ಟುಗಳಿಗೆ ಜಿಂಕ್ ಹಾಕುವಾಗ ಆಸಿಡ್ ಮತ್ತು ಪ್ಲೇಟಿಂಗ್ ತೊಟ್ಟಿಯಿಂದ ಹೈಡ್ರೋಜನ್ ಉಕ್ಕಿನೊಳಗೆ ಇಳಿದು ಅದನ್ನು ಪೆಡಸಾಗಿಸುತ್ತದೆ. ಆ ಹೈಡ್ರೋಜನ್ ಹೊರಹಾಕಲು ಪ್ಲೇಟಿಂಗ್ ಆದ 4 ಗಂಟೆಯೊಳಗೆ ಒಲೆಗೆ ಹಾಕಿ, 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಬೇಕು. ಪ್ಲೇಟಿಂಗ್‌ನವರು ಕರೆಂಟು ಉಳಿಸಲು ಇದನ್ನು ಬಿಟ್ಟರೂ ಮೈ ಅಷ್ಟೇ ಹೊಳೆಯುತ್ತದೆ, ಗಡಸುತನದ ಪರೀಕ್ಷೆಯೂ ಪಾಸು. ಬಿಗಿದು ಗಂಟೆ, ದಿನ ಕಳೆದ ಮೇಲೆ ಬೋಲ್ಟು ಪಟ್ಟನೆ ತುಂಡಾಗುತ್ತದೆ. ಆದ್ದರಿಂದ ಬಿಲ್ಲಿನ ಜೊತೆ ಒಲೆಯ ಸಮಯ-ಉಷ್ಣತೆಯ ಚಾರ್ಟು ಕೇಳಿ.

ಉಕ್ಕಿನ ದರ್ಜೆ, ಪ್ಲೇಟಿಂಗ್‌ನವರು, ಡೈ, ಯಾವುದನ್ನು ಬದಲಿಸಿದರೂ ಮೊದಲು ಗ್ರಾಹಕ ಕಂಪನಿಯ ಲಿಖಿತ ಒಪ್ಪಿಗೆ ಪಡೆಯಿರಿ, ರಿವಿಷನ್ ನಂಬರ್ (ಎಷ್ಟನೆಯ ಬದಲಾವಣೆ ಎಂಬ ಸಂಖ್ಯೆ) ಏರಿಸಿ. ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ 2006ರಲ್ಲಿ ಇಗ್ನಿಷನ್ ಸ್ವಿಚ್ಚಿನ ಒಳಭಾಗ ಬದಲಿಸಿಯೂ ಪಾರ್ಟ್ ನಂಬರ್ ಹಾಗೇ ಬಿಟ್ಟಿತ್ತು. ಹಳೆಯದು, ಹೊಸದು ಕಲೆತು ದೋಷದ ಮೂಲ ಪತ್ತೆ ತಡವಾಯಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ನಿಮ್ಮ ಶಾಪಿನಲ್ಲೂ ಹಳೆ ಲಾಟು ಪೂರ್ತಿ ಖಾಲಿಯಾಗುವವರೆಗೆ ಹೊಸ ಲಾಟಿನ ಬಿನ್ ಬೇರೆ ಬಣ್ಣದ್ದಿರಲಿ, ಚಲನ್ ಮೇಲೆ ಲಾಟ್ ನಂಬರ್ ಬರೆದಿರಲಿ.